ಗುಡ್ಡದ ಮೇಲಿನ ಕಿವಿ

ನನ್ನ ಗಂಡನಿಗೆ ಹೃದಯವಿಲ್ಲ. ಕೋಪದಲ್ಲಿ ಹೇಳುತ್ತಿಲ್ಲ, ನಲವತ್ತೆರಡು ವರ್ಷ ಒಂದೇ ಸೂರಿನಡಿ ನಡೆಸಿದ ವೀಕ್ಷಣೆಯ ಫಲಿತಾಂಶವಾಗಿ ಹೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ಅವರ ಎದೆ ಬಿಚ್ಚಿ ಹೊಲಿದ ಡಾಕ್ಟರು ಒಳಗೆ ಒಂದನ್ನು ಕಂಡೆನೆಂದು ಹೇಳಿದ್ದುಂಟು. ಪಾಪ, ಯಾವುದೋ ಪಂಪನ್ನು ನೋಡಿರಬೇಕು!

ಪುರಾವೆ ಬೇಕೆ? ನಮ್ಮವರು ಅಳತೆ ಮತ್ತು ತೂಕ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಮದುವೆಯಾದ ಹದಿನೇಳನೆಯ ದಿನ ನನ್ನ ಸೋದರಮಾವನ ಮನೆಗೆ ಊಟಕ್ಕೆ ಹೋದೆವು. ಹೊಸ ಅಳಿಯ ಹೊಟ್ಟೆತುಂಬ ಉಂಡು, ಕೈ ತೊಳೆದು, ಮನೆಯ ಮುಂದಿನ ಅಂಗಡಿಗೆ ಇಳಿದು, ಮಾವನ ತಕ್ಕಡಿಯನ್ನು ಜಪ್ತಿ ಮಾಡಿಕೊಂಡು ಬಂದರು. ವ್ಯತ್ಯಾಸ ಎಷ್ಟಿತ್ತು? ಕಿಲೋಗೆ ನಾಲ್ಕು ಗ್ರಾಂ!

"ಊಟ ಚೆನ್ನಾಗಿತ್ತು," ಎಂದರು ದಾರಿಯಲ್ಲಿ. "ತಕ್ಕಡಿ ಚೆನ್ನಾಗಿರಲಿಲ್ಲ."

ಇಂಥ ಮನುಷ್ಯನಿಗೆ ಒಂದು ಹುಚ್ಚಿದೆ: ಹವ್ಯಾಸಿ ರೇಡಿಯೊ. ಮನೆಯಲ್ಲೇ ಪುಟ್ಟ ರೇಡಿಯೊ ನಿಲ್ದಾಣ ಇಟ್ಟುಕೊಂಡು, ತಾರಸಿಯ ಮೇಲೆ ತಂತಿ ಕಟ್ಟಿ, ಪ್ರಪಂಚದ ಇನ್ನೊಂದು ಮೂಲೆಯಲ್ಲಿ ಅದೇ ಹುಚ್ಚು ಹಿಡಿದವರೊಡನೆ ಮಾತಾಡುವುದು. ಮಾತು ಎಂದರೆ ಮಾತೂ ಅಲ್ಲ; ಮೋರ್ಸ್, ಅಂದರೆ ಚುಕ್ಕೆ ಮತ್ತು ಗೆರೆಗಳ ಕುಟ್ಟಾಟ. ಊರಿನ ರೇಡಿಯೊ ಕ್ಲಬ್ಬಿನಲ್ಲಿ ಇವರೇ ತೀರ್ಪುಗಾರರು. ಯಾರು ಯಾರನ್ನು ನಿಜವಾಗಿ ಮಾತಾಡಿಸಿದರು, ಯಾರು ಬೊಗಳೆ ಬಿಟ್ಟರು ಎಂದು ನಿರ್ಧರಿಸುವ ಅಧಿಕಾರ. ಕೆಲಸದಿಂದ ನಿವೃತ್ತರಾದರೇನು, ತೂಗುವ ಚಟಕ್ಕೆ ನಿವೃತ್ತಿಯುಂಟೆ?

ಕಳೆದ ವರ್ಷ ನಮ್ಮ ಬೀದಿಯ ದಂತವೈದ್ಯರು, ಅವರೂ ಕ್ಲಬ್ಬಿನ ಸದಸ್ಯರೇ, ಒಂದು ನಿರ್ಜನ ದ್ವೀಪಕ್ಕೆ ಹೋಗಿದ್ದ ತಂಡವನ್ನು ಮಾತಾಡಿಸಿದರು. ಕಳಿಸಿದ್ದೇನೋ ಸ್ವಂತ ಆಂಟೆನಾದಿಂದ. ಆದರೆ ಉತ್ತರ ಕೇಳಿದ್ದು ಇಂಟರ್‌ನೆಟ್ಟಿನಲ್ಲಿ! ಊರಿನ ಗದ್ದಲವಿಲ್ಲದ ಗುಡ್ಡಗಳ ಮೇಲೆ ರಿಸೀವರುಗಳನ್ನಿಟ್ಟು, ಯಾರು ಬೇಕಾದರೂ ಕೇಳಲಿ ಎಂದು ಇಂಟರ್‌ನೆಟ್ಟಿಗೆ ಜೋಡಿಸುವ ಪುಣ್ಯಾತ್ಮರಿದ್ದಾರೆ. ಅಂಥದೊಂದರ ಮೂಲಕ ಕೇಳಿ, ಕ್ಲಬ್ಬಿನಿಂದ ಪ್ರಶಸ್ತಿಪತ್ರ ಪಡೆದು, ಕಟ್ಟುಹಾಕಿಸಿ, ರೋಗಿಗಳು ಬಾಯಿ ತೆರೆದುಕೊಂಡು ನೋಡುವಂತೆ ಕುರ್ಚಿಯ ಎದುರಿಗೇ ತೂಗುಹಾಕಿದ್ದರು. ನಮ್ಮವರಿಗೆ ಸುದ್ದಿ ತಿಳಿಯಿತು. ತೀರ್ಪು ಒಂದೇ ವಾಕ್ಯದ್ದು: "ಕೇಳಿದ ಕಿವಿ ನಿಮ್ಮ ತಾರಸಿಯ ಮೇಲಿರಲಿಲ್ಲ, ಆದ್ದರಿಂದ ನೀವು ಕೇಳಲಿಲ್ಲ." ಪ್ರಶಸ್ತಿಪತ್ರ ಕೆಳಗಿಳಿಯಿತು. ಗೋಡೆಯಲ್ಲಿ ಮೊಳೆ ಉಳಿಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೆ ಹಲ್ಲುನೋವು ಬಂದರೂ ಎರಡು ಬಸ್ಸು ಬದಲಾಯಿಸಿ ಊರಾಚೆಯ ಡಾಕ್ಟರ ಹತ್ತಿರ ಹೋಗಬೇಕು.

ಈ ನ್ಯಾಯಮೂರ್ತಿಗೆ ಒಬ್ಬ ಸ್ನೇಹಿತರಿದ್ದರು. ಒಬ್ಬರೇ. ಸಮುದ್ರದಾಚೆಯ ಒಂದು ಬಂಡೆಯ ಮೇಲೆ ದೀಪಸ್ತಂಭ ಕಾಯುತ್ತಿದ್ದವರು. ನಮ್ಮ ಮನೆಯಲ್ಲಿ ಅವರ ಹೆಸರೇ ದೀಪಸ್ತಂಭ. ನಲವತ್ತೊಂದು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ, ಅಲ್ಲಿ ಶನಿವಾರ ಸಂಜೆ, ಇಬ್ಬರೂ ರೇಡಿಯೊದ ಮುಳ್ಳನ್ನು ಒಂದೇ ತರಂಗದ ಜಾಗಕ್ಕೆ ತಿರುಗಿಸಿ ಕುಟ್ಟುತ್ತಿದ್ದರು. ಮುಖ ನೋಡಿದವರಲ್ಲ, ದನಿ ಕೇಳಿದವರಲ್ಲ. ನನಗೂ ಮೋರ್ಸ್ ಬರುತ್ತದೆ. ಹೊಸದಾಗಿ ಮದುವೆಯಾದಾಗ ಗಂಡ ಯಾರೊಡನೆ ಏನು ಮಾತಾಡುತ್ತಾನೆಂದು ತಿಳಿಯಲು ಕಲಿತೆ. ಹವೆಯ ವಿಚಾರ, ಆಂಟೆನಾದ ವಿಚಾರ, ಮತ್ತೆ ಹವೆಯ ವಿಚಾರ. ಒಂದು ತಿಂಗಳಿಗೆ ಕದ್ದು ಕೇಳುವುದನ್ನು ಬಿಟ್ಟೆ.

ಎರಡು ವರ್ಷದ ಹಿಂದೆ ನಮ್ಮ ಕಟ್ಟಡಕ್ಕೆ ಹೊಸ ಲಿಫ್ಟ್ ಬಂತು. ಮೆಟ್ಟಿಲುಗಳಿಗೆಲ್ಲ ಎಲ್‌ಇಡಿ ದೀಪ. ಎದುರು ಕಟ್ಟಡದ ತಾರಸಿಗೆ ಸೋಲಾರ್. ಎಲ್ಲವೂ ಸೇರಿ ರೇಡಿಯೊದೊಳಗೆ ಒಂದು ಗದ್ದಲ ಎಬ್ಬಿಸಿದವು: ಕಾದ ಎಣ್ಣೆಗೆ ನೀರು ಬಿದ್ದ ಹಾಗೆ, ದಿನವಿಡೀ. ದೀಪಸ್ತಂಭದ ಕ್ಷೀಣ ಸಂಕೇತ ಅದರಲ್ಲಿ ಮುಳುಗತೊಡಗಿತು. ಈ ವರ್ಷ ಪೂರ್ತಿ ಮುಳುಗಿತು. ಆಗಲೇ ಅವರ ಮಗಳಿಂದ ಒಂದು ಕಾಗದ ಬಂತು. ಅಪ್ಪನ ಗಂಟಲಿನಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆ ತೆಗೆದಿದ್ದಾರೆ. ಅದು ಮುಂದಕ್ಕೂ ಹಬ್ಬಿದೆ. ಡಾಕ್ಟರು ಎರಡು ಮೂರು ತಿಂಗಳೆನ್ನುತ್ತಾರೆ. ಬೆರಳುಗಳು ಚೆನ್ನಾಗಿವೆ. ಭಾನುವಾರ ಏಳಕ್ಕೆ ಬರುತ್ತಾರಂತೆ.

ಐದು ಭಾನುವಾರ ನಮ್ಮವರು ಕರೆದರು. ಐದು ಭಾನುವಾರ ಎಣ್ಣೆ ಚರಗುಟ್ಟಿತು. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಕೂತವರನ್ನು ನೋಡಲಾಗದೆ ನಾನೇ ಬಾಯಿಬಿಟ್ಟೆ.

"ಮಗಳಿಗೆ ಒಂದು ಮೆಸೇಜ್ ಹಾಕಿ. ಅವರಿಗೆ ದನಿ ಹೋಗಿದೆ, ಕಣ್ಣು ಹೋಗಿಲ್ಲ. ಓದ್ಕೋತಾರೆ."

"ನಲವತ್ತೊಂದು ವರ್ಷ ಗಾಳಿಯಲ್ಲಿ ಮಾತಾಡಿದ್ದೀವಿ. ಈಗ ಫೋನಲ್ಲಿ ಅಳುಮುಂಜಿ ಗೊಂಬೆ ಕಳಿಸ್ಲಾ?"

"ಹಾಗಾದ್ರೆ ದಂತವೈದ್ಯರ ದಾರಿ ಹಿಡೀರಿ. ಇಂಟರ್‌ನೆಟ್ಟಲ್ಲಿ ಕೇಳಿ."

ನಮ್ಮವರು ನನ್ನನ್ನು ನೋಡಿದರು. ಸೋದರಮಾವನ ತಕ್ಕಡಿಯನ್ನೂ ಹೀಗೇ ನೋಡಿದ್ದರು.

"ಅದು ಕೇಳೋದಲ್ಲ. ಕೇಳಿಸ್ಕೊಂಡು ಬಂದವರ ಬಾಯಿಂದ ತಿಳ್ಕೊಳ್ಳೋದು."

"ಕನ್ನಡಕ ಹಾಕ್ಕೊಂಡು ಪೇಪರ್ ಓದ್ತೀರಲ್ಲ, ಅದು ಓದೋದಲ್ವಾ?"

"ಕನ್ನಡಕ ನನ್ನ ಮೂಗಿನ ಮೇಲಿದೆ. ಆ ರಿಸೀವರ್ ಯಾರ ಮೂಗಿನ ಮೇಲಿದೆ?"

"ಸಾಯ್ತಿರೋ ಮನುಷ್ಯನ ಹತ್ರ ಮಾತಾಡೋಕೂ ಮೂಗು ಅಳೀಬೇಕಾ ರೀ?"

"ಸಾಯ್ತಿರೋರಿಗೆ ಸುಳ್ಳು ಹೇಳೋದು ಸುಲಭ," ಎಂದರು. "ಅದಕ್ಕೇ ಹೇಳಬಾರದು."

ಅವತ್ತೇ ಸಂಕಲ್ಪ ಮಾಡಿದೆ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು ನಾನು. ಪರೀಕ್ಷೆಯ ಕೊಠಡಿಯಲ್ಲಿ ನಕಲು ಚೀಟಿಗಳನ್ನು ಕಾಲರಿನಿಂದ, ಜಡೆಯೊಳಗಿನಿಂದ, ಒಮ್ಮೆ ಮುರಿದ ಕೈಯ ಪ್ಲಾಸ್ಟರಿನೊಳಗಿನಿಂದ ಹೊರಗೆಳೆದವಳು. ಮೋಸ ಹೇಗೆ ಸಿಕ್ಕಿಬೀಳುತ್ತದೆಂದು ಇಷ್ಟು ಬಲ್ಲವಳಿಗೆ ಸಿಕ್ಕಿಬೀಳದ ಮೋಸವೊಂದನ್ನು ಮಾಡುವುದು ಎಷ್ಟರ ಕೆಲಸ? ಒಬ್ಬ ಮುದುಕ, ಒಂದು ಮೇಜು, ಒಂದು ಹೆಡ್‌ಫೋನು. ನ್ಯೂಟನ್ನನ ಕಾಲದ ಬುದ್ಧಿ ಸಾಕು!

ಶಸ್ತ್ರಚಿಕಿತ್ಸೆಯ ನಂತರ ಇವರ ಕೈ ನಡುಗುತ್ತದೆ. ಬೆಸುಗೆಯ ಕೆಲಸವೆಲ್ಲ ನನ್ನದೇ. "ಹೆಡ್‌ಫೋನಿನ ತಂತಿ ಸವೆದಿದೆ, ಬದಲಾಯಿಸ್ತೀನಿ," ಎಂದೆ. ಮೇಜಿನ ಅಡಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಅಂಟಿಸಿದೆ. ಅದಕ್ಕೆ ಒಂದು ಕಡೆಯಿಂದ ರೇಡಿಯೊ, ಇನ್ನೊಂದು ಕಡೆಯಿಂದ ನನ್ನ ಹಳೆಯ ಮೊಬೈಲು. ಮೊಬೈಲಿನಲ್ಲಿ ಎಪ್ಪತ್ತು ಕಿಲೋಮೀಟರ್ ದೂರದ ಗುಡ್ಡದ ಮೇಲಿನ ರಿಸೀವರ್, ಇಬ್ಬರ ಎಂದಿನ ಜಾಗಕ್ಕೆ ತಿರುಗಿಸಿದ್ದು. ರೇಡಿಯೊದ ಗದ್ದಲವನ್ನು ಮುಕ್ಕಾಲು ಪಾಲು ತಗ್ಗಿಸಿದೆ. ಇವರು ಕೀ, ಅಂದರೆ ಮೋರ್ಸಿನ ಗುಂಡಿ, ಒತ್ತಿ ಕುಟ್ಟುವಾಗ ಮೊಬೈಲಿನ ಸದ್ದು ಕಡಿದುಹೋಗುವ ಏರ್ಪಾಟನ್ನೂ ಮಾಡಿದೆ; ಇಲ್ಲದಿದ್ದರೆ ಗುಡ್ಡದ ಕಿವಿ ಇವರದೇ ಕುಟ್ಟನ್ನು ಇವರಿಗೇ ಕೇಳಿಸಿಬಿಡುತ್ತಿತ್ತು. ಎಲ್ಲವನ್ನೂ ಯೋಚಿಸಿದ್ದೆ. ಎಲ್ಲವನ್ನೂ!

"ತಂತಿಗೆ ಗದ್ದಲ ಹೀರೋ ಉಂಗುರ ಹಾಕಿದ್ದೀನಿ," ಎಂದೆ. ಅಂಥ ಉಂಗುರಗಳು ಇರುವುದು ನಿಜ. ನಾನು ಹಾಕಿದ್ದು ಮಾತ್ರ ಸುಳ್ಳು.

ಭಾನುವಾರ ಏಳು ಗಂಟೆ. ನಮ್ಮವರು ಕರೆದರು. ಅಡುಗೆಮನೆಯ ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಬೆನ್ನು ನೆಟ್ಟಗಾಯಿತು. ಪೆನ್ಸಿಲು ಓಡತೊಡಗಿತು. ಆಮೇಲೆ ಹಾಳೆಯಲ್ಲಿ ನೋಡಿದೆ, ದೀಪಸ್ತಂಭ ಹೇಳಿದ ಮೊದಲ ಮಾತು: "ನಿನ್ನ ಕರೆಗೆ ಐದು ವಾರದಿಂದ ಉತ್ತರಿಸುತ್ತಲೇ ಇದ್ದೇನೆ. ನೀನು ಎಲ್ಲಿದ್ದೆ?"

ಇಪ್ಪತ್ತು ನಿಮಿಷವಾದ ಮೇಲೆ ಹೆಡ್‌ಫೋನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಿನ್ನ ಉಂಗುರ ಕೆಲಸ ಮಾಡ್ತು."

ನಲವತ್ತೆರಡು ವರ್ಷಗಳಲ್ಲಿ ಗಂಡನ ಬಾಯಿಂದ ಬಂದ ಮೊದಲ ಪ್ರಶಸ್ತಿ. ಅದೂ ಕಳ್ಳಮಾಲಿಗೆ!

ಹೀಗೆ ಐದು ಭಾನುವಾರ ಕಳೆದವು. ಆರನೆಯ ಭಾನುವಾರ ತಿಂಡಿಗೆ ಕೂತಾಗ ಇವರು ಗಂಟಲು ಸರಿಮಾಡಿಕೊಂಡರು.

"ಒಂದು ವಿಷಯ ಹೇಳ್ತೀನಿ. ನಗಬಾರದು."

"ನಾನು ಯಾವತ್ತು ನಕ್ಕಿದ್ದೀನಿ?"

"ಅದೂ ನಿಜ." ಒಂದು ನೋಟುಪುಸ್ತಕ ತೆಗೆದರು. "ನಾನು ಕುಟ್ಟೋದು ನಿಲ್ಲಿಸಿದ ಮೇಲೆ ನನ್ನದೇ ಕೊನೆ ಎರಡಕ್ಷರ ವಾಪಸ್ ಬರ್ತಿದೆ. ಎರಡು ಸೆಕೆಂಡ್ ತಡವಾಗಿ. ಐದು ವಾರ ಸ್ಟಾಪ್‌ವಾಚ್ ಹಿಡಿದು ಅಳೆದಿದ್ದೀನಿ. ನೂರ ಹನ್ನೆರಡು ಸಲ."

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕುಟ್ಟುವಾಗ ಸದ್ದು ಕಡಿದಿದ್ದೆ, ಸರಿ. ಆದರೆ ಗುಡ್ಡದಿಂದ ಇಂಟರ್‌ನೆಟ್ಟಿನಲ್ಲಿ ನಮ್ಮ ಮನೆಗೆ ಸದ್ದು ಬರುವುದಕ್ಕೆ ಎರಡು ಸೆಕೆಂಡು ಬೇಕು! ಇವರು ಕೀ ಬಿಟ್ಟ ಕೂಡಲೇ ಮೊಬೈಲು ಬಾಯಿ ತೆರೆಯುತ್ತಿತ್ತು. ದಾರಿಯಲ್ಲಿದ್ದ ಅಕ್ಷರಗಳು ಆಗ ಬಂದು ಸೇರುತ್ತಿದ್ದವು. ಮೊದಲ ವರ್ಷದ ವಿದ್ಯಾರ್ಥಿ ಮಾಡಿದ್ದರೆ ಕಿವಿ ಹಿಂಡುವ ತಪ್ಪು.

"ಇದಕ್ಕೆ ದೀರ್ಘ ಪ್ರತಿಧ್ವನಿ ಅಂತಾರೆ," ನಮ್ಮವರ ಕಣ್ಣು ಹೊಳೆಯುತ್ತಿತ್ತು. "ನೂರು ವರ್ಷದ ಹಿಂದೆ ಮೊದಲು ಕೇಳಿದ್ದು. ಎಲ್ಲಿಂದ ಬರುತ್ತೆ ಅಂತ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಎರಡು ಸೆಕೆಂಡ್ ಅಂದ್ರೆ ಆರು ಲಕ್ಷ ಕಿಲೋಮೀಟರ್! ನನ್ನ ಅಕ್ಷರ ಎಲ್ಲಿಗೆ ಹೋಗಿ ಬರ್ತಿದೆ ಹೇಳು?"

ಆರು ಲಕ್ಷವಲ್ಲ ಮಹಾರಾಯರೇ, ಎಪ್ಪತ್ತು, ಎನ್ನಲು ಬಾಯಿ ತೆರೆದೆ. ಹೇಳಿದರೆ ಮೊಬೈಲು ಹೋಗುತ್ತದೆ. ಮೊಬೈಲು ಹೋದರೆ ದೀಪಸ್ತಂಭ ಹೋಗುತ್ತಾರೆ, ಹೋಗುವುದಕ್ಕಿಂತ ಮೊದಲೇ. ತೆರೆದ ಬಾಯಿಗೆ ಕಾಫಿ ಸುರಿದುಕೊಂಡೆ. ಬಿಸಿಯಿತ್ತು.

"ವಯಸ್ಸಾಯ್ತಲ್ಲ, ಕಿವಿಯೊಳಗೇ ಮೊಳಗ್ತಿರಬಹುದು. ಕಿವಿ ಡಾಕ್ಟರಿಗೆ ತೋರಿಸಿ."

ಏಳನೆಯ ವಾರ ಇವರು ಹೋಗಿ ತೋರಿಸಿಕೊಂಡು ಬಂದರು. ವಯಸ್ಸಿಗೆ ತಕ್ಕ ಕಿವಿ, ದೋಷವಿಲ್ಲ ಎಂಬ ಸರ್ಟಿಫಿಕೇಟು ಬಂತು. ಆ ಸರ್ಟಿಫಿಕೇಟು ಎಂಟನೆಯ ವಾರ ಹನ್ನೆರಡು ಪುಟದ ಪ್ರಬಂಧವೊಂದರ ಅನುಬಂಧವಾಯಿತು! ಕೋಷ್ಟಕ, ನಕ್ಷೆ, ದೋಷಗಣನೆ. ಮೊದಲ ಪುಟದಲ್ಲಿ ಇವರ ಹೆಸರಿನ ಕೆಳಗೆ ನನ್ನದು.

"ನನ್ನ ಹೆಸರು ಯಾಕೆ?"

"ಉಂಗುರ ಹಾಕಿದ್ದು ನೀನು ತಾನೇ? ನ್ಯಾಯ ನ್ಯಾಯವೇ."

ಇತರರ ಚೀಟಿ ಹಿಡಿದವಳ ಕೈಗೆ ಹನ್ನೆರಡು ಪುಟದ ಚೀಟಿ ಬಂದಿತ್ತು. ಇಷ್ಟಕ್ಕೇ ಮುಗಿಯಿತೆ? ಸಾಕ್ಷಿಗಳಿಲ್ಲದ ಅಳತೆ ಅಳತೆಯಲ್ಲವಂತೆ. ಒಂಬತ್ತನೆಯ ಭಾನುವಾರಕ್ಕೆ ಕ್ಲಬ್ಬಿನ ನಾಲ್ವರಿಗೆ ಆಹ್ವಾನ ಹೋಯಿತು. ಹಡಗುಗಳಲ್ಲಿ ರೇಡಿಯೊ ಅಧಿಕಾರಿಯಾಗಿದ್ದ ಕ್ಯಾಪ್ಟನ್, ಕ್ಲಬ್ಬಿನ ಕಾರ್ಯದರ್ಶಿ, ಖಜಾಂಚಿ, ನಾಲ್ಕನೆಯವರು ದಂತವೈದ್ಯರು. "ನನ್ನ ಮೇಲೆ ಅತಿ ಹೆಚ್ಚು ಅನುಮಾನ ಪಡೋರು ಇರಬೇಕು," ಎಂದು ಇವರೇ ಕರೆದಿದ್ದರು. ನನ್ನ ಪ್ರಾರ್ಥನೆ ಒಂದೇ: ಆ ದಿನ ಇಂಟರ್‌ನೆಟ್ಟು ಕೆಡಲಿ, ಬೇಡ, ಕೆಟ್ಟರೆ ದೀಪಸ್ತಂಭ ಕೇಳಿಸುವುದಿಲ್ಲ, ಕೆಡದಿರಲಿ, ಬೇಡ, ಕೆಡಲಿ. ದೇವರಿಗೂ ತಲೆಕೆಟ್ಟಿರಬೇಕು. ಅಂದು ಇಂಟರ್‌ನೆಟ್ಟು ಎಂದೂ ಇಲ್ಲದಷ್ಟು ಚೆನ್ನಾಗಿತ್ತು.

ಎಲ್ಲರಿಗೂ ಕೇಳಲೆಂದು ಹೆಡ್‌ಫೋನಿನ ಜಾಗದಲ್ಲಿ ಸ್ಪೀಕರು ಚುಚ್ಚಿದರು. ಏಳು ಗಂಟೆ. ಇವರು ಕುಟ್ಟಿ ನಿಲ್ಲಿಸಿದರು. ಒಂದು. ಎರಡು. ಸ್ಪೀಕರಿನಿಂದ ಇವರದೇ ಕೊನೆಯ ಅಕ್ಷರಗಳು ಮರಳಿ ಬಂದವು.

"ಅಯ್ಯಪ್ಪಾ!" ಕ್ಯಾಪ್ಟನ್ ಎದ್ದು ನಿಂತರು. "ಮೂವತ್ತು ವರ್ಷ ಸಮುದ್ರದ ಮೇಲೆ ಕಿವಿ ಸವೆಸಿದ್ದೀನಿ, ಇಂಥದ್ದು ಕೇಳಿಲ್ಲ ಕಣ್ರೀ!"

ದಂತವೈದ್ಯರು ಏಳಲಿಲ್ಲ. ತಲೆ ಓರೆಮಾಡಿ, ಹುಳುಕು ಹುಡುಕುವವರ ಹಾಗೆ ಸ್ಪೀಕರನ್ನೇ ನೋಡುತ್ತಿದ್ದರು. "ಸಾರ್, ಒಂದೇ ಒಂದು ಪರೀಕ್ಷೆ. ರೇಡಿಯೊ ಆಫ್ ಮಾಡಿ ನೋಡೋಣ. ಆಗ ಏನೂ ಬರಬಾರದು, ಅಲ್ವಾ?"

"ಸರಿಯಾದ ಪ್ರಶ್ನೆ," ಎಂದರು ನಮ್ಮವರು, ಸಂತೋಷದಿಂದ. "ನಾನೇ ಮಾಡಬೇಕಿತ್ತು."

"ಬೇಡ ರೀ," ಎಂದೆ. ಯಾರಿಗೂ ಕೇಳಲಿಲ್ಲ.

ಗುಂಡಿ ಒತ್ತಿದರು. ರೇಡಿಯೊದ ದೀಪ ಆರಿತು. ಮುಳ್ಳು ಸೊನ್ನೆಗೆ ಬಿತ್ತು. ಅದೇ ಕ್ಷಣ ಸ್ಪೀಕರಿನಿಂದ, ಸ್ಫುಟವಾಗಿ, ದೀಪಸ್ತಂಭ ಮಾತಾಡತೊಡಗಿತು. ಸತ್ತ ರೇಡಿಯೊ ಮಾತಾಡುತ್ತಿತ್ತು!

ಖಜಾಂಚಿಗೆ ನಗು ಉಕ್ಕಿತು. ದಂತವೈದ್ಯರು ಆಗಲೇ ಮೇಜಿನ ಅಡಿಗೆ ತೂರಿ, ಮೊಬೈಲನ್ನು ತಂತಿಸಮೇತ ಹೊರಗೆಳೆದು, ತೆರೆ ನೋಡಿ ಕೂಗಿದರು: "ಮೇಡಂ! ಇದು ನನ್ನ ಗುಡ್ಡ! ನಾನು ದ್ವೀಪ ಕೇಳಿದ್ದು ಇದರಲ್ಲೇ!"

ಆಮೇಲೆ ಖಜಾಂಚಿಯ ನಗು ನಿಂತಿತು. ಏಕೆಂದರೆ ಅಲ್ಲಿದ್ದ ಆರು ಜನಕ್ಕೂ ಮೋರ್ಸ್ ಬರುತ್ತಿತ್ತು. ಮೇಜಿನಡಿಯಿಂದ ಅರ್ಧ ಹೊರಬಂದ ದಂತವೈದ್ಯರು ಹಾಗೇ ಮಂಡಿಯೂರಿ ಕೂತರು.

"ಡಾಕ್ಟರು ಇನ್ನು ಮನೆಯಲ್ಲಿರಬೇಡ ಎಂದರು. ಮುಂದಿನ ವಾರ ಕೊನೆ. ಆಮೇಲೆ ಹೋಗುವ ಕಡೆ ಆಂಟೆನಾ ಇಲ್ಲ. ಕೇಳಿತಾ?"

ನಮ್ಮವರು ರೇಡಿಯೊ ಹಾಕಿದರು. ಕೈ ಕೀಯ ಮೇಲಿತ್ತು. ಕುಟ್ಟಲಿಲ್ಲ.

"ಕೇಳಿತಾ?" ಎಂದಿತು ಸ್ಪೀಕರು. "ಕೇಳಿತಾ?"

"ಉತ್ತರ ಕೊಡ್ರೀ!" ಎಂದೆ.

"ಏನಂತ? ಕೇಳಿತು ಅಂತಲಾ?"

ಕೊನೆಗೆ ಕುಟ್ಟಿದರು. ನಾನು ಅಕ್ಷರ ಅಕ್ಷರವಾಗಿ ಓದಿದೆ: "ಇಲ್ಲಿ ಗದ್ದಲ. ಮುಂದಿನ ವಾರ ಏಳಕ್ಕೆ ಕಾಯುತ್ತೇನೆ." ಕಲ್ಲಿಗೂ ಇದಕ್ಕಿಂತ ಮೆತ್ತಗೆ ಮಾತು ಬಂದೀತು. ಆಮೇಲೆ ಮೊಬೈಲನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ನನ್ನ ಕೈಗಿಟ್ಟರು.

"ಬಿಡಿ ಸಾರ್, ನಾವ್ಯಾರೂ ಹೊರಗೆ ಹೇಳಲ್ಲ," ಎಂದರು ದಂತವೈದ್ಯರು.

"ಹೇಳಿ. ನಾನೂ ಹೇಳ್ತೀನಿ," ಎಂದರು ನಮ್ಮವರು. ಆ ಸಂಜೆಯೇ ತೀರ್ಪುಗಾರನ ಸ್ಥಾನಕ್ಕೆ ರಾಜೀನಾಮೆ ಬರೆದರು. ಪ್ರಬಂಧವನ್ನೂ ಆ ಭಾನುವಾರಗಳಲ್ಲಿ ಗೀಚಿಕೊಂಡ ಹಾಳೆಗಳನ್ನೂ ಹರಿದರು. ರೇಡಿಯೊ ಮಾತುಕತೆಗಳನ್ನು ದಾಖಲಿಸುವ ಉದ್ದನೆಯ ಪುಸ್ತಕ ತೆಗೆದು, ಸ್ಕೇಲು ಇಟ್ಟು, ಒಂಬತ್ತು ಭಾನುವಾರಗಳ ಒಂಬತ್ತು ಸಾಲುಗಳನ್ನು ಹೊಡೆದುಹಾಕಿದರು. ಕೈ ನಡುಗುತ್ತಿದ್ದರೂ ಗೆರೆ ಮಾತ್ರ ನೇರ.

ನನಗೆ ರೇಗಿತು. "ನಾನು ಮೋಸ ಮಾಡಿದೆ, ಒಪ್ತೀನಿ. ಅವರು ಏನು ಮಾಡಿದ್ರು? ಅವರ ಮಾತನ್ನ ಯಾಕೆ ಹೊಡೆದು ಹಾಕ್ತೀರಿ?"

"ಅವನ ಮಾತು ನನಗೆ ತಲುಪಿಲ್ಲ."

"ನಿಮಗೆ ಗೊತ್ತಾಯ್ತಲ್ಲ!"

"ಗೊತ್ತಾಗೋದು ಬೇರೆ. ತಲುಪೋದು ಬೇರೆ."

ಅಲ್ಲೇ ನಾನು ಶಪಥ ಮಾಡಿದೆ: ಇನ್ನು ಈ ಮನುಷ್ಯನ ರೇಡಿಯೊಗೆ ನಾನು ಕೈಹಾಕಿದರೆ ಕೇಳಿ. ಹೇಗಾದರೂ ಸಾಯಲಿ, ಇಬ್ಬರೂ!

ಆ ವಾರವೆಲ್ಲ ಇವರು ತಾರಸಿ ಹತ್ತಿ ಇಳಿದರು. ಆಂಟೆನಾ ಎತ್ತರಿಸಿದರು. ಎದುರು ಕಟ್ಟಡದವರ ಕೈಕಾಲು ಹಿಡಿದು ಭಾನುವಾರ ಒಂದು ಗಂಟೆ ಸೋಲಾರ್ ನಿಲ್ಲಿಸಲು ಒಪ್ಪಿಸಿದರು. ಯಾರ ಮುಂದೆಯೂ ಕೈಚಾಚದವರು ಮೆಟ್ಟಿಲ ದೀಪಗಳಿಗಾಗಿ ನಲವತ್ತು ಮನೆಯ ಬಾಗಿಲು ತಟ್ಟಿದರು. ಉಳಿದದ್ದು ಲಿಫ್ಟು. ಶನಿವಾರ ಸಂಜೆ ಕಟ್ಟಡದ ಕಾರ್ಯದರ್ಶಿಯ ಮನೆಗೆ ಹೋಗಿ ಬಂದು ಚಪ್ಪಲಿ ಬಿಡುತ್ತ ನಿಂತರು.

"ಲಿಫ್ಟ್ ನಿಲ್ಲಿಸೋಕಾಗಲ್ಲ. ಆರನೇ ಮಹಡಿ ಅಜ್ಜೀನ ಬೆಳಿಗ್ಗೆ ಏಳಕ್ಕೆ ಡಯಾಲಿಸಿಸ್‌ಗೆ ಇಳಿಸ್ಬೇಕು."

"ಒಂದು ದಿನ ಎತ್ಕೊಂಡು ಇಳಿಸ್ತಾರಪ್ಪ, ಕೇಳಿ ನೋಡಬೇಕಿತ್ತು."

"ಕೇಳಲಿಲ್ಲ," ಎಂದರು. "ಅವರು ಹೇಳಿದ್ದು ಸರಿಯಾಗೇ ಇದೆ."

ಭಾನುವಾರ ಬಂತು. ನಾನು ಅದೇ ಕೋಣೆಯ ಮೂಲೆಯಲ್ಲಿ, ಕೈಕಟ್ಟಿ, ಶಪಥಬದ್ಧಳಾಗಿ ಕೂತೆ. ಏಳಕ್ಕೆ ಇವರು ಕರೆದರು. ಗದ್ದಲ ಅರ್ಧಕ್ಕೆ ಇಳಿದಿತ್ತು. ಆದರೂ ಆ ಅರ್ಧ ಎರಡು ದೀಪಸ್ತಂಭಗಳನ್ನು ಮುಳುಗಿಸಲು ಸಾಕಿತ್ತು. ಏಳು ಗಂಟೆ ಮೂರು ನಿಮಿಷ. ಮತ್ತೆ ಕರೆದರು. ಲಿಫ್ಟು ಗುಂಯ್‌ಗುಡುತ್ತ ಆರನೆಯ ಮಹಡಿಗೆ ಏರಿತು, ಅಜ್ಜಿಯನ್ನು ಹೊತ್ತು ಇಳಿಯಿತು. ಏಳು ಗಂಟೆ ಆರು ನಿಮಿಷ. ಹೆಡ್‌ಫೋನು ಒತ್ತಿದ್ದ ಕಿವಿಯ ಸುತ್ತ ಚರ್ಮ ಬಿಳಿಚಿಕೊಂಡಿತ್ತು.

ಏಳು ಗಂಟೆ ಎಂಟು ನಿಮಿಷಕ್ಕೆ ಇವರು ಹೆಡ್‌ಫೋನಿನ ತಂತಿಯನ್ನು ರೇಡಿಯೊದಿಂದ ಕಿತ್ತರು. ತಿರುಗಿ ನೋಡಲಿಲ್ಲ. ತಂತಿಯ ತುದಿಯನ್ನು ಹಿಂದಕ್ಕೆ, ನನ್ನ ಕಡೆಗೆ, ಚಾಚಿ ಹಿಡಿದರು.

"ಬೇಗ," ಎಂದರು.

ಶಪಥ ಎಲ್ಲಿ ಬಿತ್ತೋ! ಬೀರು ತೆರೆದು, ಮೊಬೈಲು ಹುಡುಕಿ, ಗುಡ್ಡದ ಪುಟ ತೆರೆದೆ. ತೆರೆಯಿತೆ? 'ಈ ರಿಸೀವರಿನಲ್ಲಿ ಒಮ್ಮೆಗೆ ನಾಲ್ವರಿಗೆ ಮಾತ್ರ ಅವಕಾಶ. ಈಗ ಜಾಗವಿಲ್ಲ.' ಕೆಳಗೆ ಕೂತವರ ಪಟ್ಟಿ. ಕ್ಯಾಪ್ಟನ್. ಕಾರ್ಯದರ್ಶಿ. ಖಜಾಂಚಿ. ದಂತವೈದ್ಯರು. ಹೋದ ವಾರ ನಮ್ಮ ಮನೆಯ ಕಾಫಿ ಕುಡಿದ ನಾಲ್ವರೂ, ಪುಣ್ಯಾತ್ಮರು, ದೀಪಸ್ತಂಭದ ಕೊನೆಯ ಮಾತು ಕೇಳಲು ಗುಡ್ಡದ ಮೇಲೆ ಜಮಾಯಿಸಿದ್ದರು!

"ಜಾಗ ಇಲ್ಲ ರೀ! ದಂತವೈದ್ಯರು ಕೂತಿದ್ದಾರೆ!"

ಇವರು ನನ್ನ ಇನ್ನೊಂದು ಫೋನು ತೆಗೆದುಕೊಂಡು ತಾವೇ ಒತ್ತಿದರು. ಪ್ರಶಸ್ತಿಪತ್ರ ಇಳಿಸಿದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿದವರಲ್ಲ.

"ಡಾಕ್ಟರೇ, ನಾನು."

"ಸಾರ್! ಕೇಳ್ತಿದೀರಾ? ಅವರು ಎಂಟು ನಿಮಿಷದಿಂದ ನಿಮ್ಮನ್ನ ಕರೀತಿದಾರೆ ಸಾರ್!"

"ಕೇಳ್ತಿಲ್ಲ. ನನಗೆ ನಿಮ್ಮ ಜಾಗ ಬೇಕು."

ನಾನಾಗಿದ್ದರೆ ಆ ಮೊಳೆಯನ್ನು ನೆನಪಿಸದೆ ಬಿಡುತ್ತಿರಲಿಲ್ಲ.

"ತಗೊಳ್ಳಿ ಸಾರ್," ಎಂದರು. ಪಟ್ಟಿಯಿಂದ ಒಂದು ಹೆಸರು ಮಾಯವಾಯಿತು.

ತಂತಿಯನ್ನು ಮೊಬೈಲಿಗೆ ಚುಚ್ಚಿದೆ. ಇವರು ಹೆಡ್‌ಫೋನಿನ ಒಂದು ಕಡೆಯನ್ನು ತಿರುಗಿಸಿ ನನ್ನತ್ತ ಹಿಡಿದರು, ಬಾಗಿ ಕಿವಿಯಿಟ್ಟೆ. ದೀಪಸ್ತಂಭದ ಕುಟ್ಟು ನಿಧಾನವಾಗಿತ್ತು, ಅಕ್ಷರಗಳ ನಡುವೆ ಉಸಿರೆಳೆಯುವಷ್ಟು ಬಿಡುವು. ರೇಡಿಯೊದವರಲ್ಲಿ ಒಂದು ಪದ್ಧತಿಯಿದೆ: ಮೊದಲು ಎದುರಿನವರ ಸಂಕೇತ ನಮ್ಮಲ್ಲಿ ಎಷ್ಟು ಬಲವಾಗಿ ಕೇಳುತ್ತಿದೆ ಎಂದು ಹೇಳಬೇಕು. ಇವರು ಹೇಳಿದರು: "ನನ್ನ ಕಿವಿಯಲ್ಲಿ ನೀನು ಸೊನ್ನೆ. ಗುಡ್ಡದ ಮೇಲೆ ಎರವಲು ಕಿವಿಯೊಂದಿದೆ. ಅದರಲ್ಲಿ ಸ್ಪಷ್ಟ. ಒಂಬತ್ತು ವಾರದಿಂದ ಹೀಗೇ. ನನಗೆ ಗೊತ್ತಿರಲಿಲ್ಲ."

ದೀಪಸ್ತಂಭದ ಉತ್ತರ ಬಂತು.

"ನನಗೆ ಮೊದಲ ದಿನವೇ ಗೊತ್ತಾಯಿತು. ನಿನ್ನ ಉತ್ತರ ಪ್ರತಿ ಸಲ ಎರಡು ಸೆಕೆಂಡು ತಡ. ನೀನು ಎರಡು ಸೆಕೆಂಡು ಯೋಚಿಸಿ ಮಾತಾಡುವವನಲ್ಲ."

ಮೂವತ್ತನಾಲ್ಕು ವರ್ಷದ ಅನುಭವದ, ಯಾರೂ ಹಿಡಿಯಲಾರದ ನನ್ನ ಮೋಸ! ಸಮುದ್ರದಾಚೆ, ಗಂಟಲಿಲ್ಲದ ಮನುಷ್ಯನೊಬ್ಬ, ಮೊದಲ ಇಪ್ಪತ್ತು ನಿಮಿಷಗಳಲ್ಲೇ! ನಮ್ಮವರ ಭುಜ ಅಲುಗಿತು. ನಕ್ಕರೋ ಏನೋ, ಬೆನ್ನಿನಿಂದ ತಿಳಿಯುವುದು ಕಷ್ಟ. ಮತ್ತೆ ಎಂದಿನ ಮಾತು. ಅಲ್ಲಿ ಗಾಳಿ ಪಶ್ಚಿಮದಿಂದ. ಇಲ್ಲಿ ಮೋಡ. ಆಂಟೆನಾವನ್ನು ಮಗಳು ಬಿಚ್ಚುವುದಿಲ್ಲವಂತೆ, ಹಕ್ಕಿ ಕೂರುತ್ತವೆ ಎಂದು. ಏಳು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ದೀಪಸ್ತಂಭ ವಿದಾಯದ ಎರಡು ಅಂಕಿ ಕುಟ್ಟಿತು. ಇವರೂ ಕುಟ್ಟಿದರು. ಎರಡು ಸೆಕೆಂಡಿನ ಮೇಲೆ ಇವರದೇ ಅಂಕಿ ಗುಡ್ಡದಿಂದ ಮರಳಿ ಬಂತು. ಆಮೇಲೆ ಏನೂ ಇಲ್ಲ.

ನಾನು ಹೋಗಿ ಮುಖ ತೊಳೆದುಕೊಂಡು ಬಂದೆ. ಇವರು ಉದ್ದನೆಯ ಪುಸ್ತಕ ತೆರೆದಿದ್ದರು. ಇವತ್ತಿನ ಸಾಲನ್ನು ಬರೆದು, ಮೇಲೆ ಗೆರೆಯನ್ನೂ ಎಳೆದು ಆಗಿತ್ತು. ಹೊಡೆದುಹಾಕಿದ ಸಾಲುಗಳು ಹತ್ತಾದವು. ಗಂಡನಿಗೆ ಒಂದು ಮಾತು ಬಿಗಿಯಾಗಿ ಹೇಳೋಣವೆಂದು ಹತ್ತಿರ ಹೋದೆ. ಅಷ್ಟರಲ್ಲಿ ಇವರು ಪುಟದ ಮೇಲಕ್ಕೆ ಹೋಗಿ, ಹೊಡೆದುಹಾಕಿದ ಮೊದಲ ಸಾಲಿನ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆಯತೊಡಗಿದರು. ಗೆರೆಯನ್ನು ಅಳಿಸಲಿಲ್ಲ. 'ನೀನು ಎಲ್ಲಿದ್ದೆ ಎಂದು ಕೇಳಿದ.' ಎರಡನೆಯ ಸಾಲಿನ ಪಕ್ಕ: 'ಅನ್ನನಾಳಕ್ಕೆ ಕೊಳವೆ ಹಾಕಿದ್ದಾರೆ. ರುಚಿಯ ನೆನಪು ಇದೆ ಎಂದ.' ಮೂರನೆಯ ಸಾಲಿಗೆ ಬಂದು ಪೆನ್ಸಿಲು ನಿಂತಿತು.

"ಮೂರನೇ ವಾರ ಅವನ ನಾಯಿ ಬಗ್ಗೆ ಹೇಳಿದ. ಕಾಲು ಕುಂಟುತ್ತೆ ಅಂದನಾ, ಕಣ್ಣು ಕಾಣಲ್ಲ ಅಂದನಾ?" ನನ್ನ ಕಡೆ ನೋಡಿದರು. "ನೀನೂ ಅಡುಗೆಮನೆಯಲ್ಲಿ ನಿಂತು ಕೇಳ್ತಿದ್ಯಲ್ಲ?"

ನಿಂತಿದ್ದೆ. ಸಾಕ್ಷಿಗಳು ಬಂದ ದಿನ ಬಿಟ್ಟು ಎಂಟು ಭಾನುವಾರವೂ, ಇನ್ನೊಂದು ಫೋನು ಹಿಡಿದು, ಅದೇ ಗುಡ್ಡದ ಪುಟ ನೋಡುತ್ತ. ಮೂರನೆಯ ಭಾನುವಾರ ಸಂಕೇತದ ಮಟ್ಟ ಏಳಿತ್ತು. ಏಳು ಗಂಟೆ ಹತ್ತಕ್ಕೆ ಐದಕ್ಕೆ ಇಳಿದು, ಹದಿನಾಲ್ಕಕ್ಕೆ ಚೇತರಿಸಿಕೊಂಡಿತು. ಸಂಪರ್ಕ ಒಮ್ಮೆಯೂ ಕಡಿದಿರಲಿಲ್ಲ. ಇದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಅವರಿಗೆ ನಾಯಿಯಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ರೀ," ಎಂದೆ.

ನಮ್ಮವರು ತಲೆಯಾಡಿಸಿದರು. ಮೂರನೆಯ ಸಾಲಿನ ಅಂಚಿನಲ್ಲಿ 'ನಾಯಿ: ಕಾಲು ಅಥವಾ ಕಣ್ಣು' ಎಂದು ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ, ನಾಲ್ಕನೆಯ ಸಾಲಿಗೆ ಹೋದರು.